ಸೈಟಿನಲ್ಲಿ ಡ್ರೋನ್: ಹಾರಿಸುವ ಮುನ್ನ ಸಾರುವೆಯತ್ತ ನೋಡಿ

ಪುಣೆಯ ವಾಕಡ, ಹಿಂಜೇವಾಡಿ ಕಡೆಯ ಕಟ್ಟಡದ ಸೈಟುಗಳಲ್ಲಿ ಕಲಬುರಗಿ, ಯಾದಗಿರಿಯ ಕನ್ನಡ ಕಿವಿಗೆ ಬೀಳುವುದು ಹೊಸದಲ್ಲ. ಈಗ ಅದರ ನಡುವೆ ಸೈಟಿನ ಚಿತ್ರ ತೆಗೆಯುವ ಡ್ರೋನಿನ ಗುಂಯ್‌ಗುಡುವಿಕೆಯೂ ಸೇರಿದೆ. ಒಮ್ಮೆ ಆರನೆಯ ಮಹಡಿಯ ಸಾರುವೆಯ ಮೇಲೆ ಗಿಲಾವು ಮಾಡುತ್ತಿದ್ದವನೊಬ್ಬ ಆ ಸದ್ದಿಗೆ ತಲೆಯೆತ್ತಿ, ನೋಡುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟದ್ದನ್ನು ಕಂಡಿದ್ದೇನೆ. ಬೆಲ್ಟ್ ಸಿಕ್ಕಿಸಿದ್ದರಿಂದ ಉಳಿದ. ಡ್ರೋನ್ ಅವನ ಹತ್ತಿರವೂ ಸುಳಿದಿರಲಿಲ್ಲ.

ಆದ್ದರಿಂದ ಮೊದಲ ಕೆಲಸ ಮಾತು. ಹಿಂದಿನ ದಿನವೇ ಮುಕಾದಮನಿಗೆ, ಅಂದರೆ ಕೂಲಿಗಳ ಮೇಸ್ತ್ರಿಗೆ, ತಿಳಿಸಿ. ಬೆಳಿಗ್ಗೆ ಹಾಜರಿ ಕರೆಯುವಾಗ ಡ್ರೋನನ್ನು ಎಲ್ಲರಿಗೂ ತೋರಿಸಿ, ಒಮ್ಮೆ ಸದ್ದು ಕೇಳಿಸಿ. ಕನ್ನಡದವರಿಗೆ ಕನ್ನಡದಲ್ಲೇ ಹೇಳಿ. ಮರಾಠಿ, ಹಿಂದಿಯಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿದವರೆಲ್ಲ ತಿಳಿದುಕೊಂಡರು ಎಂದಲ್ಲ. ಸಾಧ್ಯವಾದರೆ ಊಟದ ಬಿಡುವಿನಲ್ಲಿ, ಸಾರುವೆ ಖಾಲಿಯಿದ್ದಾಗ ಹಾರಿಸಿ. ಸ್ಲ್ಯಾಬ್ ಹಾಕುವ ದಿನ ಬೇಡವೇ ಬೇಡ.

ಕಾಗದಪತ್ರದ ಮಾತು ಬೇಗ ಮುಗಿಯುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಯಂತ್ರಕ್ಕೆ ನೋಂದಣಿ ಸಂಖ್ಯೆ ಬೇಕು. 250 ಗ್ರಾಂ ಮೀರಿದ ಡ್ರೋನಿನಿಂದ ಹಣಕ್ಕಾಗಿ ಚಿತ್ರ ತೆಗೆಯುವವರಿಗೆ ಪೈಲಟ್ ಪ್ರಮಾಣಪತ್ರ, ಮೂರನೆಯವರ ಹಾನಿಗೆ ವಿಮೆ ಎರಡೂ ಬೇಕು. ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು. ಅದರ ಹತ್ತಿರದ ಖರಾಡಿ, ವಿಮಾನ ನಗರದವರು, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಪೆಟ್ಟಿಗೆಯನ್ನೂ ತೆರೆಯಬಾರದು.

ಇನ್ನು ಹಾರಾಟ. ಕಬ್ಬಿಣದ ಸರಳು ಹೆಣೆದ ಸ್ಲ್ಯಾಬಿನ ಮೇಲಿಂದ ಏರಿಸಬೇಡಿ, ಡ್ರೋನಿನ ದಿಕ್ಸೂಚಿ ದಾರಿ ತಪ್ಪುತ್ತದೆ. ಸಿಗ್ನಲ್ ತಪ್ಪಿದಾಗ ಅದು ತಾನಾಗಿ ಮರಳುವ ಎತ್ತರವನ್ನು ಟವರ್ ಕ್ರೇನಿನ ತುದಿಗಿಂತ ಮೇಲಿಡಿ. ಇದನ್ನು ಮರೆತವರೇ ಹೆಚ್ಚು. ಅನುಮತಿಯಿಲ್ಲದೆ ಹಾರಿಸಬಹುದಾದ ಹಸಿರು ವಲಯದಲ್ಲೂ ಮಿತಿ 120 ಮೀಟರ್. ಕ್ರೇನ್ ಅದಕ್ಕೂ ಎತ್ತರವಿದ್ದರೆ ಆ ಬದಿಗೆ ಹೋಗಬೇಡಿ. ಕ್ರೇನ್ ಚಾಲಕನಿಗೆ ವಾಕಿಟಾಕಿಯಲ್ಲಿ ತಿಳಿಸಿ, ಅವನು ಕ್ರೇನ್ ನಿಲ್ಲಿಸಿದ ಮೇಲೆ ಹಾರಿಸಿ. ನಿಮ್ಮ ಕಣ್ಣು ಪರದೆಯ ಮೇಲಿರುತ್ತದೆ, ಹಾಗಾಗಿ ಡ್ರೋನನ್ನೇ ನೋಡುತ್ತ ನಿಲ್ಲಲು ಇನ್ನೊಬ್ಬರು ಬೇಕು.

ಜನರ ತಲೆಯ ಮೇಲಿಂದ ಮಾತ್ರ ಹಾಯಬೇಡಿ. ಹೆಲ್ಮೆಟ್ ಇದೆಯಲ್ಲ ಎನ್ನುವವರು ಲೆಕ್ಕ ಹಾಕಲಿ: 30 ಮೀಟರ್ ಎತ್ತರದಿಂದ ಬಿದ್ದ ವಸ್ತು, ಗಾಳಿಯ ತಡೆ ಬಿಟ್ಟರೆ, ನೆಲ ಮುಟ್ಟುವಾಗ ಗಂಟೆಗೆ ಸುಮಾರು 87 ಕಿಲೋಮೀಟರ್ ವೇಗದಲ್ಲಿರುತ್ತದೆ. ಹೆಲ್ಮೆಟ್ ಹೆಗಲನ್ನು ಕಾಯುವುದಿಲ್ಲ.

ಬಿದ್ದರೆ ಯಾರೂ ಓಡಿಹೋಗಿ ಎತ್ತಬಾರದು. ರೆಕ್ಕೆ ಇನ್ನೂ ತಿರುಗುತ್ತಿರಬಹುದು. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಚೀಲಕ್ಕೆ ಹಾಕದೆ, ಸೆಂಟ್ರಿಂಗ್ ಹಲಗೆಗಳಿಂದ ದೂರ, ಮರಳು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿಡಿ. ಸೈಟಿನಲ್ಲಿ ಮರಳಿಗೇನು ಬರ?