ಆಷಾಢದಲ್ಲೇ ಅಟ್ಟ ಇಳಿಸಿ

ಮೊನ್ನೆ ತಂಗಿಯ ಮಗಳು ಫೋನ್ ಮಾಡಿದ್ದಳು. ಶ್ರಾವಣದಲ್ಲಿ ವಿಜಯನಗರದ ಬಾಡಿಗೆ ಮನೆ ಬಿಟ್ಟು ಕೆಂಗೇರಿ ಕಡೆಯ ಫ್ಲ್ಯಾಟ್‌ಗೆ ಹೋಗುತ್ತಿದ್ದಾರೆ. "ದೊಡ್ಡಮ್ಮ, ಆಷಾಢ ಮುಗಿಯೋವರೆಗೂ ಏನೂ ಮಾಡೋ ಹಾಗಿಲ್ಲ ಅಲ್ವಾ? ಆಮೇಲೆ ಪ್ಯಾಕಿಂಗ್‌ನವರನ್ನ ಕರೆದರೆ ಒಂದೇ ದಿನದ ಕೆಲಸ" ಅಂದಳು. ಆಷಾಢದಲ್ಲಿ ಹಾಲು ಉಕ್ಕಿಸಬಾರದು, ಅದು ಸರಿ. ಆದರೆ ಅಟ್ಟ ಇಳಿಸುವುದಕ್ಕೆ ಯಾವ ಮುಹೂರ್ತವೂ ಬೇಡ ಕಣೆ, ಇವತ್ತೇ ಏಣಿ ಹಾಕು ಅಂದೆ.

ಮದುವೆಯಾಗಿ ಬಂದಾಗ ನಮ್ಮದು ಚಾಮರಾಜಪೇಟೆಯ ವಠಾರದ ಮನೆ. ಅಲ್ಲಿಂದ ಇಲ್ಲಿಯವರೆಗೆ ಬೆಂಗಳೂರಿನಲ್ಲೇ ಏಳು ಮನೆ ಬದಲಾಯಿಸಿದ್ದೇನೆ. ಮೊದಲ ಮೂರು ಸಲ ಇದ್ದದ್ದನ್ನೆಲ್ಲ ಗಂಟು ಕಟ್ಟಿ ಲಾರಿಗೆ ಹಾಕಿದೆವು. ಹೊಸ ಮನೆಯಲ್ಲಿ ಆ ಗಂಟುಗಳನ್ನು ಬಿಚ್ಚಲೇ ಇಲ್ಲ, ಹಾಗೇ ಅಟ್ಟಕ್ಕೆ ಹೋದವು. ಬೇಡದ ಸಾಮಾನಿಗೂ ಬಾಡಿಗೆ, ಬೇಡದ ಸಾಮಾನಿಗೂ ಕೂಲಿ. ನಾಲ್ಕನೆಯ ಸಲ ಹಟ ಹಿಡಿದು ಕೊನೆಯ ಎರಡು ದಿನದಲ್ಲಿ ಎಲ್ಲ ಬಿಸಾಕಲು ಹೊರಟೆ. ಅದು ಇನ್ನೂ ದೊಡ್ಡ ತಪ್ಪು. ಯಾರಿಗಾದರೂ ಬೇಕಾಗಿದ್ದ ಸಾಮಾನು, ಕೊಡಲು ಹೊತ್ತಿಲ್ಲದೆ ಕಸವಾಯಿತು. ಒಂದೊಂದು ವಸ್ತುವಿಗೂ ಅದರ ಮುಂದಿನ ಮನೆ ಯಾವುದು ಅಂತ ಹುಡುಕಬೇಕು. ಅದಕ್ಕೆ ನಾಲ್ಕು ವಾರವಾದರೂ ಬೇಕು. ಶ್ರಾವಣದಲ್ಲಿ ಹೋಗುವವರಿಗೆ ಆಷಾಢ ಅದಕ್ಕೇ ಇದೆ ಅಂದುಕೊಳ್ಳಿ.

ಅಟ್ಟದಿಂದಲೇ ಶುರು ಮಾಡಿ. ಅಲ್ಲಿರುವುದು ಎರಡು ವರ್ಷದಿಂದ ಕೈಗೆ ಬೇಕಾಗಿಲ್ಲದ ಸಾಮಾನು, ತೀರ್ಮಾನ ಮಾಡುವುದು ಸುಲಭ. ಫೋಟೋ, ಕಾಗದ, ಮಕ್ಕಳ ಹಳೆಯ ಪುಸ್ತಕ ಇವನ್ನು ಮೊದಲು ಮುಟ್ಟಬೇಡಿ. ಒಂದು ಆಲ್ಬಂ ಬಿಚ್ಚಿದರೆ ಮಧ್ಯಾಹ್ನವೇ ಕಳೆದುಹೋಗುತ್ತದೆ. ಮಳೆ ಇಲ್ಲದ ದಿನ ನೋಡಿ ಎಲ್ಲವನ್ನೂ ಬಿಸಿಲಿಗೆ ಇಳಿಸಿ. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ಹೊಸ ಮನೆಗೆ ಖಂಡಿತ ಒಯ್ಯಬೇಡಿ. ಟಿವಿ ಡಬ್ಬ, ಮಿಕ್ಸಿ ಡಬ್ಬ ಅಂತ ಜೋಪಾನ ಮಾಡಿರುತ್ತೇವೆ. ಅದರ ಮಡಿಕೆಗಳಲ್ಲೇ ಜಿರಳೆ ಮೊಟ್ಟೆ ಇಟ್ಟಿರುತ್ತದೆ. ನಿಮಗಿಂತ ಮೊದಲು ಜಿರಳೆಯೇ ಗೃಹಪ್ರವೇಶ ಮಾಡುತ್ತದೆ.

ಹಳೆಯ ಪೇಪರ್ ಮಾರಲು ಅವಸರ ಬೇಡ. ಗಾಜು, ಪಿಂಗಾಣಿ ಸುತ್ತಲು ಒಂದು ಕಟ್ಟು ಬೇಕಾಗುತ್ತದೆ. ಮೆತ್ತಗಾದ ಕಾಟನ್ ಸೀರೆ, ಪಂಚೆಗಳನ್ನೂ ಇಟ್ಟುಕೊಳ್ಳಿ. ನಮ್ಮ ಪಟ್ಟದ ಗೊಂಬೆಗಳು ಏಳು ಮನೆ ಸುತ್ತಿದರೂ ಮೂಗು ಮುರಿಯದೆ ಉಳಿದದ್ದು ನಮ್ಮ ಯಜಮಾನರ ಹಳೆಯ ಪಂಚೆಗಳಿಂದ.

ಪಾತ್ರೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ರಾಜಾಜಿನಗರದ ಮನೆ ಬಿಡುವಾಗ ಹಿತ್ತಾಳೆಯ ಒಂದು ತಪ್ಪಲೆ ಅಟ್ಟದಲ್ಲಿ ಕಪ್ಪಗಾಗಿ ಕೂತಿತ್ತು. ಯಾರೂ ಬಳಸುತ್ತಿಲ್ಲ ಅಂತ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಮುಂದಿನ ಸಂಕ್ರಾಂತಿಗೆ ಅತ್ತೆ, "ಹುಗ್ಗಿ ತಪ್ಪಲೆ ಎಲ್ಲಿಟ್ಟಿದ್ದೀಯಮ್ಮ?" ಅಂತ ಕೇಳಿದರು. ಅವರ ತಾಯಿ ಕೊಟ್ಟದ್ದಂತೆ. ನಾನು ಹೇಳಿದ ಮೇಲೆ ಅವರು ಒಂದು ಮಾತೂ ಆಡಲಿಲ್ಲ, ಕುಕ್ಕರಿನಲ್ಲಿ ಹುಗ್ಗಿ ಇಟ್ಟರು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆವತ್ತಿನಿಂದ ಮನೆಯಲ್ಲಿ ಒಂದು ನಿಯಮ. ಯಾರ ಸಾಮಾನೋ ಅವರೇ ತೀರ್ಮಾನ ಮಾಡಬೇಕು. ಹಿರಿಯರಿದ್ದರೆ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ಸಾಮಾನು ಅವರ ಕೈಗೆ ಕೊಟ್ಟು ಕೇಳಿ. ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮಕ್ಕಳ ಆಟಿಕೆಗೂ ಇದೇ ಮಾತು. ಅವರು ಶಾಲೆಗೆ ಹೋದಾಗ ಕದ್ದು ಬಿಸಾಕಬೇಡಿ. ಇದನ್ನು ಕೆಲಸದವರ ಮಗುವಿಗೆ ಕೊಡೋಣವಾ ಅಂತ ಕೇಳಿದರೆ ಅವರೇ ಎತ್ತಿಕೊಡುತ್ತಾರೆ.

ಹಿತ್ತಾಳೆ, ತಾಮ್ರ ಕೊಡುವುದೇ ಆದರೆ ಎರಡು ಕಡೆ ರೇಟ್ ವಿಚಾರಿಸಿ. ಮನೆ ಬಾಗಿಲಲ್ಲಿ ಅವಸರಕ್ಕೆ ಹೇಳುವ ಬೆಲೆಗೂ ಅಂಗಡಿಯಲ್ಲಿ ತಕ್ಕಡಿಗೆ ಹಾಕಿ ಹೇಳುವ ಬೆಲೆಗೂ ವ್ಯತ್ಯಾಸ ಇರುತ್ತದೆ. ಇಟ್ಟುಕೊಂಡರೆ ಕಲಾಯಿ ಹಾಕಿಸಿ ಬಳಸಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಣಸೆಹಣ್ಣಿನ ಅಡುಗೆ ಮಾತ್ರ ಮಾಡಬಾರದು. ಹುಳಿಗೆ ಲೋಹ ಕಿತ್ತುಕೊಂಡು ಅಡುಗೆ ಕೆಡುತ್ತದೆ. ಹಳೆಯ ರೇಷ್ಮೆ ಸೀರೆ ಹರಿದಿದ್ದರೂ ಸುಮ್ನೆ ಬಿಸಾಕಬೇಡಿ. ಅಸಲಿ ಜರಿ ಇದ್ದರೆ ಅದನ್ನು ಕೊಳ್ಳುವವರು ಚಿಕ್ಕಪೇಟೆ ಕಡೆ ಸಿಗುತ್ತಾರೆ. ಕಾಲೇಜಿನ ಪುಸ್ತಕಗಳಿಗೆ ಅವೆನ್ಯೂ ರಸ್ತೆ ಇದ್ದೇ ಇದೆ. ಶಾಲೆಯ ಪುಸ್ತಕ ಆ ತರಗತಿಗೆ ಬರುವ ಮಗುವಿಗೇ ಹೋಗಲಿ. ಬಟ್ಟೆ ಕೊಡುವಾಗ ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಿ. ಹರಿದದ್ದನ್ನು ದಾನ ಅನ್ನಬೇಡಿ, ಒರೆಸುವ ಬಟ್ಟೆ ಮಾಡಿಕೊಳ್ಳಿ.

ಅಡುಗೆಮನೆಗೆ ಹದಿನೈದು ದಿನ ಮೊದಲೇ ಕೈ ಹಾಕಿ. ಆಮೇಲೆ ಹೊಸ ರೇಷನ್ ತರಬೇಡಿ. ಡಬ್ಬಗಳ ತಳದಲ್ಲಿ ಒಂದೊಂದು ಹಿಡಿ ಅಲಸಂದೆ, ಹುರುಳಿ, ಹೆಸರುಕಾಳು ಉಳಿದಿರುತ್ತವೆ. ಎಲ್ಲ ಸೇರಿಸಿ ನೆನೆಸಿ ಒಂದು ದಿನ ಬಸ್ಸಾರು ಮಾಡಿ, ಒಂದು ದಿನ ಉಸಲಿ ಮಾಡಿ. ಉಳಿದ ಬೇಳೆಗಳನ್ನೆಲ್ಲ ಅಕ್ಕಿಯ ಜೊತೆ ರುಬ್ಬಿದರೆ ಅಡೆ ದೋಸೆ. ಸಾರಿನ ಪುಡಿ ಹೊಸದಾಗಿ ಮಾಡಿಸುವುದನ್ನು ಹೊಸ ಮನೆಗೆ ಇಟ್ಟುಕೊಳ್ಳಿ. ಹೀಗೆ ಖಾಲಿಯಾದ ಡಬ್ಬಗಳ ಒಳಗೆ ಲೋಟ, ಚಮಚ ತುಂಬಬಹುದು. ಮುಚ್ಚಳ ಇಲ್ಲದ ಡಬ್ಬ, ಡಬ್ಬ ಇಲ್ಲದ ಮುಚ್ಚಳ ಎರಡೂ ಅಲ್ಲೇ ನಿಲ್ಲಲಿ.

ದೊಡ್ಡ ಸಾಮಾನಿಗೆ ಟೇಪು ಹಿಡಿಯಿರಿ. ಹೊಸ ಮನೆಯ ಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವು ಮೂರನ್ನೂ ಅಳೆದು ಬನ್ನಿ. ಕೊನೆಯ ಸಲ ನಮ್ಮ ದಿವಾನ ಲಿಫ್ಟಿನೊಳಗೆ ಹೋಗಲಿಲ್ಲ. ನಾಲ್ಕು ಜನ ಮೂರು ಮಹಡಿ ಹೊತ್ತರು, ಮಹಡಿಗಿಷ್ಟು ಅಂತ ಬೇರೆ ದುಡ್ಡು ಕೊಟ್ಟೆವು. ಒಂದು ವಾರದಲ್ಲೇ ಅದು ಆ ಕೋಣೆಗೆ ದೊಡ್ಡದಾಯಿತು ಅಂತ ಮತ್ತೆ ಇಳಿಸಿ ಕೊಟ್ಟದ್ದಾಯಿತು. ಗೋದ್ರೆಜ್ ಬೀರು ಇರುವವರು ಇದನ್ನು ಮರೆಯಲೇಬಾರದು.

ಕಾಗದಗಳ ಸರದಿ ಬಂದಾಗ ಒಬ್ಬರೇ ಕೂತು, ಫೋನ್ ಪಕ್ಕಕ್ಕಿಟ್ಟು ನೋಡಿ. ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಜನನ ಪತ್ರ, ಅಂಕಪಟ್ಟಿ, ಗ್ಯಾಸಿನ ಸಬ್‌ಸ್ಕ್ರಿಪ್ಷನ್ ವೋಚರ್ ಇವೆಲ್ಲ ಒಂದೇ ಚೀಲಕ್ಕೆ. ಸ್ವಂತ ಮನೆ ಇರುವವರು ಒಂದು ಬೆಸ್ಕಾಂ ಬಿಲ್ಲನ್ನೂ ಇಟ್ಟುಕೊಳ್ಳಿ, ಈಗ ಇ-ಖಾತಾಗೆ ಅದರಲ್ಲಿರುವ ಖಾತೆ ಸಂಖ್ಯೆ ಕೇಳುತ್ತಾರೆ. ಬಾಡಿಗೆ ಮನೆಯವರು ಕರಾರು ಪತ್ರವನ್ನೂ ಅಡ್ವಾನ್ಸ್ ಕೊಟ್ಟ ದಾಖಲೆಯನ್ನೂ ದುಡ್ಡು ವಾಪಸ್ ಕೈಗೆ ಬರುವವರೆಗೆ ಬಿಡಬೇಡಿ. ಆಧಾರ್ ಜೆರಾಕ್ಸ್‌ಗಳನ್ನು ಚೂರು ಚೂರು ಮಾಡದೆ ಪೇಪರ್ ಅಂಗಡಿಗೆ ಹಾಕಬೇಡಿ.

ಇನ್ನು ಯಾರಿಗೂ ಬೇಡದ ಸಾಮಾನು. ಇದು ನನಗೆ ತುಂಬಾ ಮನಸ್ಸಿಗೆ ಹತ್ತಿದ ವಿಷಯ. ಮನೆ ಖಾಲಿ ಮಾಡುವ ಹಿಂದಿನ ರಾತ್ರಿ ಹಾಸಿಗೆ, ದಿಂಬು, ಒಡೆದ ಬಕೆಟ್ಟು ತಂದು ರಸ್ತೆ ಮೂಲೆಗೆ ಇಡುವುದನ್ನು ನಮ್ಮ ಬೀದಿಯಲ್ಲೇ ಎಷ್ಟು ಸಲ ನೋಡಿದ್ದೇನೆ. ನಾವು ಬಿಸಾಕಿದ್ದು ಮಾಯವಾಗುವುದಿಲ್ಲ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿನಲ್ಲಿ ಬಿದ್ದಿತು. 2014ರಲ್ಲಿ ಆ ಊರಿನ ಜನ ಇನ್ನು ಸಾಕು ಅಂತ ಬೀದಿಗಿಳಿದರು. ಅವರ ಮಕ್ಕಳು ಆ ವಾಸನೆಯಲ್ಲೇ ಬೆಳೆದಿದ್ದರು. ದಯವಿಟ್ಟು ಒಣ ಕಸವನ್ನು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ. ಹಾಸಿಗೆಯಂಥ ದೊಡ್ಡ ಸಾಮಾನನ್ನು ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ಟಿವಿ, ಚಾರ್ಜರ್, ಬ್ಯಾಟರಿ, ಟ್ಯೂಬ್‌ಲೈಟ್ ಬೇರೆ ಇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಡಬ್ಬದಂಥ ಹಳೆಯ ಟಿವಿಯ ಗಾಜಿನಲ್ಲಿ ಸೀಸ ಇರುತ್ತದೆ. ಅದನ್ನು ಬರಿಗೈಯಲ್ಲಿ ಒಡೆಯುವವರು ಬಡವರೇ. ದಿನಾಂಕ ಮುಗಿದ ಮಾತ್ರೆಗಳ ಪಟ್ಟಿಯನ್ನು ಕತ್ತರಿಸಿ, ಪೇಪರಿನಲ್ಲಿ ಸುತ್ತಿ, ಕಸದ ಗಾಡಿಯವರಿಗೆ ಇದು ಔಷಧಿ ಅಂತ ಹೇಳಿ ಬೇರೆಯಾಗಿ ಕೊಡಿ.

ಹಾಗೇ ದೇವರ ಪಟಗಳು. ಬಣ್ಣ ಹೋದ, ಗಾಜು ಒಡೆದ ಪಟಗಳನ್ನು ತಂದು ಅರಳಿಕಟ್ಟೆಯ ಮೇಲೆ ಇಟ್ಟು ಕೈಮುಗಿದು ಹೋಗುತ್ತಾರೆ. ಮಳೆಯಲ್ಲಿ ನೆಂದು, ನಾಯಿ ತುಳಿದು, ಕೊನೆಗೆ ಆ ಗಾಜು ಚುಚ್ಚುವುದು ಗುಡಿಸುವ ಪೌರಕಾರ್ಮಿಕರ ಕೈಗೆ. ನಾನು ಗಾಜು, ಕಟ್ಟು ಬೇರೆ ಮಾಡಿ ಒಣ ಕಸಕ್ಕೆ ಕೊಡುತ್ತೇನೆ. ಕಾಗದದ ಚಿತ್ರವನ್ನು ಅರಿಶಿನದ ನೀರಿನಲ್ಲಿ ನೆನೆಸಿ, ಕರಗಿದ ಮೇಲೆ ದಾಸವಾಳದ ಗಿಡದ ಬುಡಕ್ಕೆ ಹಾಕುತ್ತೇನೆ. ನನ್ನ ಮನಸ್ಸಿಗೆ ಅದೇ ವಿಸರ್ಜನೆ.

ದೇವರ ಮನೆಯನ್ನು ಕೊನೆಗೆ ಬಿಚ್ಚಿ. ದೀಪ, ಬತ್ತಿ, ಬೆಂಕಿಪೊಟ್ಟಣ, ಉಪ್ಪು, ಅರಿಶಿನ, ಒಂದು ಪಾವು ಅಕ್ಕಿ, ಬೆಲ್ಲ, ಹಾಲು ಉಕ್ಕಿಸುವ ಪಾತ್ರೆ ಒಂದು ಕೈಚೀಲದಲ್ಲಿರಲಿ. ಅದು ಮತ್ತು ಕಾಗದದ ಚೀಲ ಲಾರಿ ಹತ್ತಬಾರದು, ನಿಮ್ಮ ಕೈಯಲ್ಲೇ ಬರಬೇಕು. ತುಳಸಿ ಕುಂಡಕ್ಕೆ ಹಿಂದಿನ ದಿನ ನೀರು ಹಾಕಬೇಡಿ, ಭಾರವಾಗುತ್ತದೆ, ದಾರಿಯಲ್ಲಿ ಕೆಸರೂ ಚೆಲ್ಲುತ್ತದೆ. ತಂಗಿಯ ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋಗುತ್ತಾಳಂತೆ. ಅಟ್ಟದ ಅರ್ಧ ಇಳಿಸಿದ್ದಾಯಿತು ಅಂತ ನಿನ್ನೆ ಫೋಟೋ ಕಳಿಸಿದ್ದಾಳೆ.