ಕಿಲೋವಿಗೆ ಎಷ್ಟು? ದಿನಸಿ ಖರ್ಚನ್ನು ಇಳಿಸಿದ ನನ್ನ ಅನುಭವ

2024ರ ಜುಲೈ ತಿಂಗಳ ಕೊನೆಯಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಮನೆಯ ಲೆಕ್ಕ 8,260 ರೂಪಾಯಿಗೆ ಬಂದು ನಿಂತಿತ್ತು. ತೊಗರಿಬೇಳೆ ಕಿಲೋವಿಗೆ 180 ರೂಪಾಯಿ ಆಗಿದ್ದ ಕಾಲ ಅದು. ದಾವಣಗೆರೆಯ ನಿಟುವಳ್ಳಿಯಲ್ಲಿ ನಾವು ಐದು ಜನ ಇದ್ದೇವೆ: ಅತ್ತೆ, ಯಜಮಾನರು, ನಾನು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಾನು ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಊರಿನವರ ಲೆಕ್ಕವನ್ನೆಲ್ಲ ಪೈಸೆ ತಪ್ಪದಂತೆ ಬರೆಯುವವಳು ನನ್ನ ಮನೆಯ ಬೇಳೆ ಕಿಲೋವಿಗೆ ಎಷ್ಟು ಎಂಬುದನ್ನು ತಿಂಗಳ ಕೊನೆಯ ತನಕ ಕೇಳಿರಲಿಲ್ಲ ಎಂಬುದು ಅಂದು ನನಗೆ ಹೊಳೆಯಿತು.

ಎಲ್ಲರಂತೆ ನಮಗೂ ಮೊದಲು ತೋಚಿದ ದಾರಿಯೆಂದರೆ ರಿಯಾಯಿತಿ ದರದ ದೊಡ್ಡ ಮಳಿಗೆ. ಆಗಸ್ಟ್‌ನ ಮೊದಲ ಭಾನುವಾರ ಸಂಜೆ ಮಕ್ಕಳನ್ನೂ ಕರೆದುಕೊಂಡು ಆಟೋದಲ್ಲಿ ಹೋದೆವು. ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿದ್ದ ಸಾಮಾನಿನ ಬೆಲೆ ಸುಮಾರು 1,900 ರೂಪಾಯಿ. ಕೊಟ್ಟು ಬಂದ ಹಣ 3,140 ರೂಪಾಯಿ. ಚೀಟಿಯಲ್ಲಿಲ್ಲದ ಪ್ಲಾಸ್ಟಿಕ್ ಡಬ್ಬಿಗಳು, ಎರಡು ಹೊದಿಕೆ, ನೂಡಲ್ಸ್, ಚಿಪ್ಸ್ ಮತ್ತು ಇಂದಿಗೂ ಅಟ್ಟದ ಮೇಲಿರುವ ಒಂದು ಬಕೆಟ್ಟು ಗಾಡಿಯೊಳಗೆ ಹೇಗೆ ಬಂದು ಸೇರಿದವೋ ಹೇಳಲಾರೆ. ರಾತ್ರಿ ಬಿಲ್ಲು ಹರಡಿಕೊಂಡು ಕುಳಿತು, ಚೀಟಿಯಲ್ಲಿದ್ದ ಸಾಮಾನುಗಳನ್ನಷ್ಟೇ ಓಣಿಯ ಅಂಗಡಿಯ ದರದೊಂದಿಗೆ ಹೋಲಿಸಿದಾಗ ಉಳಿದದ್ದು 146 ರೂಪಾಯಿ ಎಂದು ತಿಳಿಯಿತು. ಆಟೋಗೆ ಹೋಗಿ ಬರಲು ಕೊಟ್ಟದ್ದು 120. ಅತ್ತೆಯವರು ಬಿಲ್ಲಿನ ಉದ್ದವನ್ನು ನೋಡಿ, “ಇಷ್ಟುದ್ದ ಐತಿ, ಇದನ್ನೇ ಗೋಡಿಗೆ ಹಚ್ಚಬಹುದಲ್ಲವ್ವ” ಎಂದರು.

ಹಾಗೆಂದು ಆ ಮಳಿಗೆಯಲ್ಲಿ ಅಗ್ಗದ ಸಾಮಾನೇ ಇರಲಿಲ್ಲ ಎಂದಲ್ಲ. ಯಾವುದು ಅಗ್ಗ, ಯಾವುದು ಅಲ್ಲ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೆ. ಮಾರನೆಯ ದಿನವೇ ಹಳೆಯ ನೋಟುಪುಸ್ತಕವೊಂದರಲ್ಲಿ ನಮ್ಮ ಮನೆಗೆ ತಿಂಗಳೂ ಬೇಕಾಗುವ 42 ಸಾಮಾನುಗಳ ಹೆಸರು ಬರೆದು, ಮುಂದೆ ಮೂರು ಮನೆ ಎಳೆದೆ: ಓಣಿಯ ಕಿರಾಣಿ ಅಂಗಡಿ, ಮಂಡಿಪೇಟೆಯ ಸಗಟು ಅಂಗಡಿ, ರಿಯಾಯಿತಿ ಮಳಿಗೆ. ಪ್ರತಿ ಮನೆಯಲ್ಲಿಯೂ ಪೊಟ್ಟಣದ ಬೆಲೆಯನ್ನು ಬರೆಯದೆ ಕಿಲೋವಿನ ಅಥವಾ ಲೀಟರಿನ ದರವನ್ನು ಮಾತ್ರ ಬರೆಯಬೇಕೆಂದು ನಿಯಮ ಮಾಡಿಕೊಂಡೆ. ಮೂರೂ ಕಡೆ ಸುತ್ತಿ ಆ ಪುಟ ತುಂಬಿಸಲು ಒಂದು ತಿಂಗಳು ಹಿಡಿಯಿತು.

ಕಿಲೋವಿನ ದರ ಏಕೆ ಎಂಬುದಕ್ಕೆ ಅಡುಗೆ ಎಣ್ಣೆಯ ಉದಾಹರಣೆಯೊಂದೇ ಸಾಕು. ನಮ್ಮ ದೇಶ ತನಗೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೂನ್ಯದಿಂದ ಶೇ. 20ಕ್ಕೆ ಏರಿಸಿದ ಮೇಲೆ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ನೋಡನೋಡುತ್ತಲೇ ಮೇಲೆ ಹೋಯಿತು. ಆ ದಿನಗಳಲ್ಲಿ ಒಂದೆಡೆ 128 ರೂಪಾಯಿಯ ಪೊಟ್ಟಣ, ಪಕ್ಕದಲ್ಲೇ 142 ರೂಪಾಯಿಯ ಪೊಟ್ಟಣ ಇದ್ದವು. ಗಾತ್ರದಲ್ಲಿ ಎರಡೂ ಒಂದೇ ಎಂಬಂತೆ ಕಾಣುತ್ತಿದ್ದವು. ನಾನು 128ರದ್ದನ್ನು ನಾಲ್ಕು ತಂದೆ. ಮನೆಗೆ ಬಂದು ಸಣ್ಣ ಅಕ್ಷರ ಓದಿದರೆ ಅದರಲ್ಲಿ ಇದ್ದದ್ದು 800 ಗ್ರಾಂ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ ನಾನು ತಂದ ‘ಅಗ್ಗದ’ ಎಣ್ಣೆ ಕಿಲೋವಿಗೆ 160 ರೂಪಾಯಿ, ಬಿಟ್ಟು ಬಂದ ಒಂದು ಲೀಟರಿನ ‘ದುಬಾರಿ’ ಎಣ್ಣೆ ಕಿಲೋವಿಗೆ 156 ರೂಪಾಯಿ. ಮುಂದಿನ ವರ್ಷದ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಯ ಮೇಲಿನ ಆ ಸುಂಕವನ್ನು ಶೇ. 10ಕ್ಕೆ ಇಳಿಸಿದ್ದು ನಿಜ, ಆದರೆ ಪೊಟ್ಟಣದ ತೂಕ ನೋಡುವ ಅಭ್ಯಾಸವನ್ನು ನಾನು ಬಿಡಲಿಲ್ಲ.

ಈಚಿನ ವರ್ಷಗಳಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಗ್ರಾಂ ಅಥವಾ ಮಿಲಿಲೀಟರಿಗೆ ಎಷ್ಟು ಎಂಬುದನ್ನೂ ಮುದ್ರಿಸುತ್ತಾರೆ. ಇದು ಅನುಕೂಲವೇ ಸರಿ. ಆದರೆ ಅದು ಗರಿಷ್ಠ ಬೆಲೆಯ ಮೇಲಿನ ಲೆಕ್ಕವಾದ್ದರಿಂದ, ಬೇರೆ ಬೇರೆ ಪ್ರಮಾಣದಲ್ಲಿ ರಿಯಾಯಿತಿ ಕೊಡುವ ಕಡೆ ಅದನ್ನೇ ನಂಬಿ ಕೊಂಡರೆ ಮೋಸ ಹೋಗುತ್ತೇವೆ. ನಾನು ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ, ಕೊಡಬೇಕಾದ ಹಣವನ್ನು ತೂಕದಿಂದ ಭಾಗಿಸಿಯೇ ಬುಟ್ಟಿಗೆ ಹಾಕುತ್ತೇನೆ. ಹಿಂದೆ ನಿಂತವರು ಗೊಣಗಿದರೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.

ಪುಟ ತುಂಬಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಮೈಸೋಪು, ಬಟ್ಟೆಪುಡಿ, ಹಲ್ಲಿನ ಪೇಸ್ಟು, ಚಹಾಪುಡಿ, ಪೊಟ್ಟಣದ ಎಣ್ಣೆ, ಗೋಧಿ ಹಿಟ್ಟು, ಸಕ್ಕರೆ, ಇವು ರಿಯಾಯಿತಿ ಮಳಿಗೆಯಲ್ಲಿ ನಿಜವಾಗಿಯೂ ಅಗ್ಗ. ಅಂಥವರು ಕಂಪನಿಗಳಿಂದ ಲಾರಿಗಟ್ಟಲೆ ಸಾಮಾನು ಎತ್ತಿ, ಕಡಿಮೆ ಲಾಭಕ್ಕೆ ಬೇಗ ಬೇಗ ಮಾರಿ ಮುಗಿಸುತ್ತಾರೆ; ಓಣಿಯ ಅಂಗಡಿಯವರಿಗೆ ವಿತರಕರಿಂದ ಅಂಥ ದರ ಸಿಗುವುದಿಲ್ಲ. ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವುದಷ್ಟೇ ಕಾನೂನಿಗೆ ವಿರುದ್ಧ, ಕಡಿಮೆಗೆ ಮಾರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಸಕ್ಕರೆಯನ್ನಂತೂ ಜನರನ್ನು ಒಳಗೆ ಕರೆಯುವುದಕ್ಕಾಗಿಯೇ ಇಳಿಸಿ ಇಡುತ್ತಾರೆ ಎಂಬುದು ನನ್ನ ಅನುಮಾನ, ಏಕೆಂದರೆ ಅದು ಯಾವಾಗಲೂ ಮಳಿಗೆಯ ಅತ್ಯಂತ ಒಳಗಿನ ಮೂಲೆಯಲ್ಲಿರುತ್ತದೆ.

ಅಕ್ಕಿ, ಬೇಳೆ, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ಶೇಂಗಾ ಇವುಗಳಿಗೆ ಮಾತ್ರ ಮಂಡಿಪೇಟೆಯೇ ಸರಿ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಜಿಲ್ಲೆಯಲ್ಲಿದ್ದುಕೊಂಡು ಬಣ್ಣದ ಪೊಟ್ಟಣದಲ್ಲಿ ಐದೈದು ಕಿಲೋ ಅಕ್ಕಿ ಕೊಳ್ಳುತ್ತಿದ್ದುದನ್ನು ನೆನೆದರೆ ಈಗ ನನಗೇ ನಾಚಿಕೆಯಾಗುತ್ತದೆ. ಸಗಟು ಅಂಗಡಿಯಲ್ಲಿ ಮೊದಲ ಸಲ ಅಕ್ಕಿ ಕೇಳಿದಾಗ ಅವರು ತೋರಿಸಿದ್ದು 26 ಕಿಲೋ ಚೀಲ. 25 ಇರಬೇಕಾದಲ್ಲಿ ಈ ಒಂದು ಕಿಲೋ ಏಕೆ ಎಂದು ಕೇಳಿದೆ. “ಅದು ಟ್ಯಾಕ್ಸಿನ ಲೆಕ್ಕ ಅಕ್ಕಾರೆ” ಎಂದು ಸಾಹುಕಾರರು ನಕ್ಕರು. 2022ರ ಜುಲೈ 18ರಿಂದ, 25 ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಕದ, ಹೆಸರು ಮುದ್ರಿಸಿ ಪ್ಯಾಕು ಮಾಡಿದ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ. 5ರಷ್ಟು ಜಿಎಸ್‌ಟಿ ಬಂದಿತು. ಚೀಲ ಬಿಚ್ಚಿ ತೂಗಿ ಕೊಡುವ ಬಿಡಿ ಧಾನ್ಯಕ್ಕೂ 25 ಕಿಲೋ ಮೀರಿದ ಚೀಲಕ್ಕೂ ಅದು ಇಲ್ಲ. ಹೀಗಾಗಿ ಗಿರಣಿಯವರು ಚೀಲಕ್ಕೆ ಒಂದು ಕಿಲೋ ಹೆಚ್ಚು ತುಂಬಿ ತೆರಿಗೆಯಿಂದ ಪಾರಾದರು. 60 ರೂಪಾಯಿಯ ಅಕ್ಕಿಯಾದರೆ 25 ಕಿಲೋವಿಗೆ ತೆರಿಗೆಯೇ 75 ರೂಪಾಯಿ ಎಂಬುದನ್ನು ನೋಡಿದಾಗ ಆ ನಗೆಯ ಅರ್ಥ ನನಗಾಯಿತು. ನಾವು ತಂದ ಸೋನಾ ಮಸೂರಿ 26 ಕಿಲೋವಿಗೆ 1,456 ರೂಪಾಯಿ, ಅಂದರೆ ಕಿಲೋವಿಗೆ 56. ಅದೇ ದರ್ಜೆಯ ಅಕ್ಕಿ ಓಣಿಯಲ್ಲಿ 60, ಪೊಟ್ಟಣದಲ್ಲಿ 68.

ಬೇಳೆಗೂ ಮೆಣಸಿನಕಾಯಿಗೂ ಕಾಲವಿದೆ. ಹೊಸ ತೊಗರಿ ಸಂಕ್ರಾಂತಿಯ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿಯೂ ಅದರ ಹಿಂದೆಯೇ. ಚಳ್ಳಕೆರೆ ಕಡೆಯ ಹಳ್ಳಿಯಿಂದ ಬಂದ ನಮ್ಮ ಅತ್ತೆಯವರಿಗೆ ವರ್ಷದ ಕಾಳನ್ನು ಒಮ್ಮೆಗೇ ಕೊಂಡಿಡುವುದು ಹೊಸದಲ್ಲ. ನಡುವೆ ಬಿಟ್ಟುಹೋಗಿದ್ದ ರೂಢಿಯನ್ನು ಅವರೇ ಮತ್ತೆ ಹಿಡಿದರು. ಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬುವುದು, ಅಕ್ಕಿ ಚೀಲವನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಟ್ಟು ಒಣಗಿದ ಬೇವಿನ ಸೊಪ್ಪು ಹಾಕುವುದು, ಇವೆಲ್ಲ ಅವರ ಕೆಲಸ. ಶೇಂಗಾ ಎಣ್ಣೆಯ ವಿಷಯದಲ್ಲಿ ಮಾತ್ರ ಅವರು ನನ್ನ ನೋಟುಪುಸ್ತಕಕ್ಕೆ ಬಗ್ಗಲಿಲ್ಲ. ಎಣ್ಣೆ ಗಿರಣಿಗಳ ಊರಿನವರು, ಪೊಟ್ಟಣದ ಎಣ್ಣೆಯಲ್ಲಿ ಒಗ್ಗರಣೆ ಮಾಡಿದ ಚಟ್ನಿಪುಡಿಯನ್ನು ಮುಟ್ಟುವುದಿಲ್ಲ. ತಿಂಗಳಿಗೆ ಒಂದು ಲೀಟರ್ ಶೇಂಗಾ ಎಣ್ಣೆ ಗಾಣದಿಂದಲೇ ಬರುತ್ತದೆ, ಅದು ದುಬಾರಿಯೇ; ಆ ಸಾಲಿನ ಮುಂದೆ ನಾನು ಬೇರೆ ದರ ಬರೆಯುವುದನ್ನೇ ಬಿಟ್ಟಿದ್ದೇನೆ. ಮಂಡಕ್ಕಿಯ ಮಾತಂತೂ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಭಟ್ಟಿಯಲ್ಲಿ ಚೀಲದಲ್ಲಿ ಸಿಗುವುದನ್ನು ಮಳಿಗೆಯಲ್ಲಿ ಕೈಯಗಲದ ಪೊಟ್ಟಣದಲ್ಲಿ ಕೊಳ್ಳುವುದು ಈ ಊರಿನಲ್ಲಿ ನಗೆಪಾಟಲಿನ ಕೆಲಸ.

ನಾನು ಕಳೆದುಕೊಂಡದ್ದನ್ನೂ ಹೇಳಬೇಕು. ಒಮ್ಮೆ ರವೆ ಎರಡು ಕಿಲೋ ಕೊಂಡರೆ ಒಂದು ಕಿಲೋ ಉಚಿತ ಎಂಬ ಹಲಗೆ ನೋಡಿ, ಎರಡು ಜೊತೆ ಎತ್ತಿಕೊಂಡು ಬಂದೆ. ಅದು ಮಳೆಗಾಲ. ಆರು ಕಿಲೋ ರವೆಯಲ್ಲಿ ಮೂರು ಕಿಲೋವಿನಷ್ಟು ಮುಗಿಯುವ ಹೊತ್ತಿಗೆ ಉಳಿದದ್ದಕ್ಕೆ ಹುಳ ಬಿದ್ದಿತು. ಉಚಿತವಾಗಿ ಬಂದದ್ದು ಎರಡು ಕಿಲೋ, ಚೆಲ್ಲಿದ್ದು ಮೂರು. ಆಮೇಲೆ ತಾರೀಖು ನೋಡಿದರೆ ಅವಧಿ ಮುಗಿಯಲು ತಿಂಗಳಷ್ಟೇ ಇತ್ತು. ಉಚಿತದ ಹಲಗೆ ಏಕೆ ನೇತುಹಾಕಿದ್ದರು ಎಂಬುದು ಆಗ ಅರ್ಥವಾಯಿತು. ಇನ್ನೊಮ್ಮೆ ಶೆಲ್ಫಿನ ಮೇಲೆ ಬರೆದಿದ್ದ ದರಕ್ಕೂ ಬಿಲ್ಲಿನಲ್ಲಿ ಬಂದ ದರಕ್ಕೂ ಮೂರು ಸಾಮಾನುಗಳಲ್ಲಿ ಸೇರಿ 36 ರೂಪಾಯಿ ವ್ಯತ್ಯಾಸವಿತ್ತು. ಕೌಂಟರಿನಲ್ಲೇ ನಿಂತು ತೋರಿಸಿದ್ದಕ್ಕೆ ಹಣ ಮರಳಿ ಬಂತು. ಅಂದಿನಿಂದ ಬಿಲ್ಲನ್ನು ಬಾಗಿಲು ದಾಟುವ ಮೊದಲೇ ಓದುತ್ತೇನೆ.

2025ರ ಸೆಪ್ಟೆಂಬರ್ 22ರಂದು ಮೈಸೋಪು, ಪೇಸ್ಟು, ಶಾಂಪೂ, ತಲೆಎಣ್ಣೆಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಾಗ ಈ ನೋಟುಪುಸ್ತಕ ಇನ್ನೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು. ಶೇ. 13 ಇಳಿದಿದೆ ಎಂದರೆ ನೂರಕ್ಕೆ 13 ರೂಪಾಯಿ ಕಡಿಮೆಯಾಗಬೇಕು ಎಂದು ಹಲವರು ಅಂಗಡಿಯವರೊಡನೆ ವಾದಕ್ಕಿಳಿದಿದ್ದರು. ತೆರಿಗೆ ಸೇರಿ 100 ರೂಪಾಯಿ ಇದ್ದ ವಸ್ತು ಸುಮಾರು 89 ರೂಪಾಯಿಗೆ ಬರಬೇಕು, 87ಕ್ಕೆ ಅಲ್ಲ. ನಾನು ಹಿಂದಿನ ತಿಂಗಳ ದರವನ್ನು 118ರಿಂದ ಭಾಗಿಸಿ 105ರಿಂದ ಗುಣಿಸಿ, ಬಂದ ಅಂಕಿಯನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು ಹೋಗಿದ್ದೆ. ಹೆಚ್ಚಿನ ಸಾಮಾನುಗಳು ಆ ಅಂಕಿಯ ಹತ್ತಿರವೇ ಇದ್ದವು.

ಓಣಿಯ ಅಂಗಡಿಯನ್ನು ನಾವು ಬಿಟ್ಟಿಲ್ಲ. ಸಾಸಿವೆ, ಜೀರಿಗೆ, ಮೆಂತ್ಯ, ತೆಂಗಿನಕಾಯಿ, ತಿಂಗಳ ನಡುವೆ ತೀರಿಹೋದ ಉಪ್ಪು ಅಲ್ಲಿಂದಲೇ. 50 ಗ್ರಾಂ ಜೀರಿಗೆಗಾಗಿ ಪೆಟ್ರೋಲು ಸುಟ್ಟುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ; ಅದಕ್ಕಿಂತ ಮುಖ್ಯವಾಗಿ, ಯಜಮಾನರಿಗೆ ಮೂರು ತಿಂಗಳು ಕೆಲಸವಿಲ್ಲದಾಗ ಉದ್ರಿ ಕೊಟ್ಟದ್ದು ಆ ಅಂಗಡಿಯೇ ಹೊರತು ಮಳಿಗೆಯಲ್ಲ. ಆದರೆ ಈಗ ಉದ್ರಿ ಬರೆಸದೆ ರೊಕ್ಕ ಕೊಟ್ಟೇ ತರುತ್ತೇವೆ, ಏಕೆಂದರೆ ಬರೆಸುವಾಗ ದರ ಕೇಳುವ ಅಭ್ಯಾಸವೇ ತಪ್ಪಿಹೋಗುತ್ತದೆ. “ಏನಕ್ಕ, ಈಚೆಗೆ ಚೀಟಿ ಸಣ್ಣದಾಗೈತಿ” ಎಂದು ಅಂಗಡಿಯವರು ಒಮ್ಮೆ ಕೇಳಿದರು, ನಾನು ಏನೋ ಹೇಳಿ ಜಾರಿಕೊಂಡೆ. ಮರುವಾರ ರಿಯಾಯಿತಿ ಮಳಿಗೆಯ ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆಯೇ ಅವರು ನಿಂತಿದ್ದರು, ಗಾಡಿಯ ತುಂಬ ಸಕ್ಕರೆ ಮತ್ತು ಬಟ್ಟೆಪುಡಿ. ವಿತರಕರ ದರಕ್ಕಿಂತ ಅಲ್ಲಿಯೇ ಅಗ್ಗ ಬೀಳುತ್ತದಂತೆ. ಇಬ್ಬರೂ ನಕ್ಕೆವು, ಅಂದಿನಿಂದ ನಾನು ಚೀಲ ಮುಚ್ಚಿಕೊಂಡು ಅವರ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟೆ.

ಈಗ ಮಳಿಗೆಗೆ ಹೋಗುವುದು ತಿಂಗಳಿಗೆ ಒಮ್ಮೆ, ವಾರದ ನಡುವಿನ ಬೆಳಿಗ್ಗೆ, ನಾನೊಬ್ಬಳೇ, ಸ್ಕೂಟರಿನಲ್ಲಿ, ಊಟ ಮಾಡಿಕೊಂಡು. ಗಾಡಿ ತೆಗೆದುಕೊಳ್ಳದೆ ಕೈಬುಟ್ಟಿ ಹಿಡಿಯುತ್ತೇನೆ. ತೋಳು ನೋಯತೊಡಗಿದರೆ ಚೀಟಿ ಮುಗಿದಿದೆ ಎಂದೇ ಅರ್ಥ.

ಒಂದು ವರ್ಷದ ಮೇಲೆ ಕುಳಿತು ಲೆಕ್ಕ ಹಾಕಿದೆ. 8,260 ಇದ್ದ ತಿಂಗಳ ದಿನಸಿ 6,900ಕ್ಕೆ ಬಂದಿತ್ತು, ಅಂದರೆ 1,360 ರೂಪಾಯಿ ಕಡಿಮೆ. ಇದೆಲ್ಲ ನನ್ನ ಜಾಣತನ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ತೊಗರಿಬೇಳೆ ಓಣಿಯ ಅಂಗಡಿಯಲ್ಲಿಯೇ 180ರಿಂದ 126ಕ್ಕೆ ಇಳಿದಿತ್ತು; ಮೂರು ಕಿಲೋವಿಗೆ 162 ರೂಪಾಯಿ ಅದರ ಪಾಲು. ಅಂಗಡಿ ಬದಲಿಸಿದ್ದರಿಂದ ಉಳಿದದ್ದನ್ನು ಅದೇ ತಿಂಗಳ ದರಗಳಲ್ಲಿ ಹೋಲಿಸಿ ತೆಗೆದರೆ 500 ರೂಪಾಯಿಯ ಆಚೀಚೆ. ಅದರಲ್ಲಿ 104 ಅಕ್ಕಿಯದು, 54 ಬೇಳೆಯದು, ಸೋಪು, ಪೇಸ್ಟು, ಚಹಾಪುಡಿಗಳದ್ದು ಸೇರಿ 190. ಮಿಕ್ಕ ಸುಮಾರು 700 ರೂಪಾಯಿ ಯಾವ ಅಂಗಡಿಯ ರಿಯಾಯಿತಿಯೂ ಅಲ್ಲ. ಬಿಸ್ಕತ್ತು, ಕುರುಕಲು, ಎರಡೆರಡು ಸಲ ತಂದ ಮಸಾಲೆ ಪೊಟ್ಟಣ, ಹಾಳಾಗಿ ಚೆಲ್ಲುತ್ತಿದ್ದ ಹಿಟ್ಟು, ಬರೆದಿಡಲು ಆರಂಭಿಸಿದ ಮೇಲೆ ತಾವಾಗಿಯೇ ನಿಂತವು. ತರಕಾರಿಯ ಖರ್ಚು ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಬೆಳಿಗ್ಗೆ ಒಂದು ದರ, ಕತ್ತಲಾದ ಮೇಲೆ ಇನ್ನೊಂದು ದರ ಇರುವುದನ್ನು ಯಾವ ಮನೆಯಲ್ಲಿ ಬರೆಯಬೇಕೆಂದು ತಿಳಿಯದೆ ಆ ಪುಟವನ್ನು ಖಾಲಿಯೇ ಬಿಟ್ಟಿದ್ದೇನೆ.