ಒಬ್ಬರೇ ಕೂತು ಇಡೀ ಮೇಳ ಕಟ್ಟುವುದು ಹೇಗೆ?

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಪೇಟಿ (ಹಾರ್ಮೋನಿಯಂ) ನುಡಿಸುವವರಿಗೆ ಕೊರತೆ ಇಲ್ಲ. ಭಜನೆ ಮೇಳದಲ್ಲಿ ಬೆಳೆದವರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು, ಮಾಸ್ತರರ ಮನೆಗೆ ಹೋಗಿ ಪಾಠ ಹೇಳಿಸಿಕೊಂಡವರು ಊರೂರಿಗೂ ಸಿಗುತ್ತಾರೆ. ಇವರಲ್ಲಿ ಎಷ್ಟೋ ಜನರ ಮನೆಗೆ ಈಗ ಅರೇಂಜರ್ ಕೀಬೋರ್ಡ್, ಅಂದರೆ ತಾಳ-ಹಿಮ್ಮೇಳವನ್ನು ತಾನೇ ನುಡಿಸುವ ಕೀಬೋರ್ಡ್ ಬಂದಿದೆ. ಸ್ಟೈಲ್ (ಸಿದ್ಧ ಹಿಮ್ಮೇಳ) ಹಾಕಿ, ಒಂದೆರಡು ಹಾಡು ನುಡಿಸಿ, ಬಟ್ಟೆ ಹೊದಿಸಿ ಇಟ್ಟುಬಿಡುತ್ತಾರೆ. ಅದರ ರೆಕಾರ್ಡ್ ಬಟನ್ ಮಾತ್ರ ಹಾಗೇ ಉಳಿದಿರುತ್ತದೆ. ನೀವೇ ಕಟ್ಟಿದ ಧಾಟಿ ಒಂದಿದ್ದರೆ ಅದಕ್ಕೆ ತಬಲಾ, ಬೇಸ್, ಕೊಳಲು, ವಯಲಿನ್ ಎಲ್ಲವನ್ನೂ ಒಂದರ ಮೇಲೊಂದು ಪದರವಾಗಿ ರೆಕಾರ್ಡ್ ಮಾಡಿ ನೀವೇ ಕೂಡಿಸಬಹುದು. ಯಮಹಾ ಇರಲಿ, ಕ್ಯಾಸಿಯೊ ಇರಲಿ, ಬಟನ್ ಹೆಸರು ಬೇರೆ ಇರಬಹುದು. ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲು ಸುರ, ಆಮೇಲೆ ಬಟನ್

ಹಾಡುವವರ ಸುರ ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಕಾಳಿ ಎರಡು, ಅಂದರೆ ಎರಡನೇ ಕಪ್ಪು ಮನೆ (ಡಿ ಶಾರ್ಪ್) ಎಂದಿಟ್ಟುಕೊಳ್ಳೋಣ. ಬಿಳಿ ಒಂದರಿಂದಲೇ (ಸಿ) ನುಡಿಸಿ ರೂಢಿ ಇದ್ದರೆ, ಸುರ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಅನ್ನು 3ಕ್ಕೆ ಏರಿಸಿದರೆ ಸಾಕು. ರೆಕಾರ್ಡಿಂಗ್ ಶುರುವಾದ ಮೇಲೆ ಅದನ್ನು ಮತ್ತೆ ಮುಟ್ಟಬೇಡಿ.

ಆಮೇಲೆ ಒಂದು ಹಾಳೆಯಲ್ಲಿ ಹಾಡಿನ ನಕ್ಷೆ ಬರೆದುಕೊಳ್ಳಿ. ಇಂಟ್ರೊ 4 ಬಾರ್ (ತಾಳದ ಒಂದು ಸುತ್ತು ಒಂದು ಬಾರ್), ಪಲ್ಲವಿ 8, ನಡುವಿನ ಸಂಗೀತ 4, ಚರಣ 8, ಮತ್ತೆ ಪಲ್ಲವಿ, ಎಂಡಿಂಗ್. ಈ ಹಾಳೆ ಇಲ್ಲದೆ ಕೂತರೆ ಎರಡನೇ ಪದರಕ್ಕೆ ಬರುವಷ್ಟರಲ್ಲಿ ಎಲ್ಲಿದ್ದೇವೆ ಎಂದೇ ತಿಳಿಯುವುದಿಲ್ಲ. ಕೆಹರ್ವಾದ ಹಾಡಿಗೆ 4/4 ಸ್ಟೈಲ್ ಆರಿಸಿ. ದಾದ್ರಾ ಆದರೆ 6/8 ಅಥವಾ 3/4. ಯಮಹಾದ ಪಿಎಸ್ಆರ್-ಐ500ನಂಥ ಭಾರತಕ್ಕೆಂದೇ ಮಾಡಿದ ಮಾದರಿಗಳಲ್ಲಿ ತಬಲಾ ಇರುವ ಸ್ಟೈಲ್‌ಗಳೇ ಸಿಗುತ್ತವೆ.

ಮೊದಲ ಪದರ: ತಾಳ ಮತ್ತು ಕಾರ್ಡ್

ಮೊದಲ ಸಲ ಬಲಗೈ ಸುಮ್ನೆ ಇರಲಿ. ಮನೆ ಒತ್ತಿದ ಕೂಡಲೇ ತಾಳ ಶುರುವಾಗುವ ಸಿಂಕ್ ಸ್ಟಾರ್ಟ್ ಹಾಕಿ, ರೆಕಾರ್ಡ್ ಒತ್ತಿ, ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಮಾತ್ರ ಹಿಡಿಯುತ್ತಾ ಹಾಡಿನ ಕೊನೆಯವರೆಗೂ ಹೋಗಿ. ಧಾಟಿಯನ್ನು ಮನಸ್ಸಿನಲ್ಲೇ ಗುನುಗುತ್ತಿರಿ. ನಡುವಿನ ಸಂಗೀತದಿಂದ ಚರಣಕ್ಕೆ ಹೊರಳುವಾಗ, ಆ ಸಂಗೀತದ ಕೊನೆಯ ಬಾರ್ ಶುರುವಾಗುತ್ತಿದ್ದಂತೆ ಮುಂದಿನ ಭಾಗದ ಬಟನ್ ಒತ್ತಬೇಕು. ಆಗ ಫಿಲ್ (ಭಾಗ ಬದಲಾಗುವಾಗ ಬರುವ ತಾಳದ ತುಣುಕು) ಆ ಬಾರ್ ತುಂಬ ಬಂದು, ಚರಣ ಸರಿಯಾಗಿ ಸಮಕ್ಕೆ ಬೀಳುತ್ತದೆ. ತಡವಾಗಿ ಒತ್ತಿದರೆ ಫಿಲ್ ಅರ್ಧಂಬರ್ಧ ಕೇಳುತ್ತದೆ.

ಕಾರ್ಡ್ ವಿಷಯದಲ್ಲಿ ನಮ್ಮ ಕಡೆಯ ಧಾಟಿಗಳಿಗೆ ಜಾಸ್ತಿ ಎಚ್ಚರ ಬೇಕು. ನಿಮ್ಮ ಹಾಡು ಭೂಪ ರಾಗದ ನೆರಳಿನಲ್ಲಿದೆ ಎನ್ನೋಣ. ಅದರಲ್ಲಿ ಇರುವುದು ಸಾ, ರೆ, ಗ, ಪ, ಧ ಮಾತ್ರ. ಬಿಳಿ ಒಂದು ಸಾ ಆದರೆ ಸಿ ಮೇಜರ್ ಎಂದರೆ ಸಾ-ಗ-ಪ, ಎ ಮೈನರ್ ಎಂದರೆ ಧ-ಸಾ-ಗ. ಎರಡೂ ರಾಗದೊಳಗೇ ಇವೆ. ಆದರೆ ಕೈಗೆ ರೂಢಿಯಾದ ಎಫ್ ಮೇಜರ್ ಹಿಡಿದರೆ ಮ ನುಗ್ಗುತ್ತದೆ, ಜಿ ಮೇಜರ್ ಹಿಡಿದರೆ ನಿ ನುಗ್ಗುತ್ತದೆ. ಹಾಡುವವರು ಎಷ್ಟೇ ಶುದ್ಧವಾಗಿ ಹಾಡಲಿ, ಹಿಂದಿನಿಂದ ಕೀಬೋರ್ಡ್ ರಾಗ ಕೆಡಿಸುತ್ತಿರುತ್ತದೆ. ಎರಡೇ ಕಾರ್ಡ್‌ನಲ್ಲಿ ಹಾಡು ಮುಗಿದರೂ ತಪ್ಪೇನಿಲ್ಲ. ಸಾ-ಪ ಎರಡೇ ಸ್ವರ ಹಿಡಿದರೂ ಒಪ್ಪಿಕೊಳ್ಳುವ ಕೀಬೋರ್ಡ್ ಇದ್ದರೆ ಇನ್ನೂ ಒಳ್ಳೆಯದು. ತಾನಪುರಾದ ಹತ್ತಿರ ಬರುತ್ತದೆ.

ಎರಡನೇ ಪದರ: ಧಾಟಿ

ಈಗ ಖಾಲಿ ಟ್ರ್ಯಾಕ್ ಒಂದನ್ನು ಆರಿಸಿ, ಅದನ್ನು ಮಾತ್ರ ರೆಕಾರ್ಡ್‌ಗೆ ಇಡಿ. ಮೊದಲೇ ನುಡಿಸಿದ ಟ್ರ್ಯಾಕ್ ಮೇಲೆ ಮತ್ತೆ ರೆಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಹಳೆಯದು ಅಳಿಸಿಹೋಗುತ್ತದೆ. ಅದಕ್ಕೇ ಪ್ರತಿ ಪದರ ಮುಗಿದ ಕೂಡಲೇ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಕೆಲವು ಕೀಬೋರ್ಡ್‌ಗಳಲ್ಲಿ ಸೇವ್ ಮಾಡದೆ ಕರೆಂಟ್ ಹೋದರೆ ನುಡಿಸಿದ್ದೆಲ್ಲ ಹೋದಂತೆಯೇ.

ಇಲ್ಲಿ ದಾಖಲಾಗುವುದು ಧ್ವನಿ ಅಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ, ಎಷ್ಟು ಹೊತ್ತು ಎಂಬ ಲೆಕ್ಕ. 1983ರಲ್ಲಿ ಬಂದ ಮಿಡಿ ಪದ್ಧತಿ ಇದು. ಇದರಿಂದ ದೊಡ್ಡ ಅನುಕೂಲ ಇದೆ. ಕಷ್ಟದ ತಾನ್ (ವೇಗದ ಸ್ವರಗಳ ಓಟ) ಇದ್ದರೆ ಟೆಂಪೊ 96ರಿಂದ 70ಕ್ಕೆ ಇಳಿಸಿ ನುಡಿಸಿ, ಆಮೇಲೆ ಮತ್ತೆ 96ಕ್ಕೆ ಏರಿಸಿ. ಸುರ ಒಂದಿಷ್ಟೂ ಬದಲಾಗುವುದಿಲ್ಲ. ಕೊಳಲಿನಲ್ಲಿ ನುಡಿಸಿದ್ದು ಬೇಡ ಅನಿಸಿದರೆ ವಾಯ್ಸ್ ಬದಲಿಸಿ ವಯಲಿನ್ ಮಾಡಬಹುದು. ಪೇಟಿಯಲ್ಲಿ ಬಾರದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಪಿಚ್ ಬೆಂಡ್ ಚಕ್ರ ಇದ್ದರೆ ಇಲ್ಲಿ ಬರುತ್ತದೆ, ಅದೂ ದಾಖಲಾಗುತ್ತದೆ. ಸ್ವರಗಳನ್ನು ತಾಳಕ್ಕೆ ತಾನೇ ಸರಿಹೊಂದಿಸುವ ಕ್ವಾಂಟೈಸ್ ಮಾತ್ರ ಧಾಟಿಗೆ ಹಾಕಬೇಡಿ. ಸ್ವರಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಡಿನ ಜೀವ ತೆಗೆಯುತ್ತದೆ.

ಉಳಿದ ಪದರಗಳು

ಇಲ್ಲಿ ಕೈ ಬಿಗಿ ಹಿಡಿಯಬೇಕು. ಟ್ರ್ಯಾಕ್ ಬೇಕಾದಷ್ಟಿವೆ ಎಂದು ಎಲ್ಲವನ್ನೂ ತುಂಬಿದರೆ ಸಂತೆ ಗದ್ದಲ ಆಗುತ್ತದೆ, ಅಲ್ವಾ? ಹಾಡು ನಡೆಯುವಾಗ ವಯಲಿನ್ ತಂಡ ಕೆಳಗಿನ ಸಪ್ತಕದಲ್ಲಿ ಉದ್ದ ಸ್ವರ ಹಿಡಿದಿರಲಿ. ಕೊಳಲು ಸಾಲು ಮುಗಿದ ಜಾಗದಲ್ಲಷ್ಟೇ ಉತ್ತರ ಕೊಡಲಿ. ವಾಲ್ಯೂಮ್ 127ರವರೆಗೆ ಇರುತ್ತದೆ. ಧಾಟಿ 100ರ ಆಸುಪಾಸು ಇದ್ದರೆ ವಯಲಿನ್ ತಂಡ 60 ಸಾಕು. ಡ್ಯುಯಲ್ ವಾಯ್ಸ್ (ಒಂದೇ ಮನೆಗೆ ಎರಡು ವಾದ್ಯ) ಹಾಕಿ ಪದರ ಕೂಡಿಸುವಾಗ ಇನ್ನೊಂದು ನೆನಪಿರಲಿ. ಮೂರು ಮನೆ ಒತ್ತಿದರೆ ಆರು ಸ್ವರ ಖರ್ಚಾಗುತ್ತವೆ. ಒಮ್ಮೆಗೆ 32 ಸ್ವರಗಳ ಮಿತಿ ಇರುವ ಚಿಕ್ಕ ಕೀಬೋರ್ಡ್‌ನಲ್ಲಿ ಹಳೆಯ ಸ್ವರಗಳು ನಡುವೆಯೇ ಕಡಿದುಹೋಗುತ್ತವೆ.

ಹಾಡು ಸೇರಿಸುವುದು

ಮಿಡಿಯಲ್ಲಿ ದನಿ ನಿಲ್ಲುವುದಿಲ್ಲ. ಕೀಬೋರ್ಡ್‌ನಲ್ಲೇ ಆಡಿಯೊ ರೆಕಾರ್ಡಿಂಗ್ ಇದ್ದರೆ ಪೆನ್‌ಡ್ರೈವ್ ಹಾಕಿ ವೇವ್ ಫೈಲ್ ಮಾಡಿಕೊಳ್ಳಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಇಲ್ಲದಿದ್ದರೆ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ಕೇಬಲ್ ಕೊಟ್ಟು ಅಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಪುಕ್ಕಟೆ ಸಿಗುವ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಫೈಲ್ ತೆರೆದು, ಇನ್ನೊಂದು ಟ್ರ್ಯಾಕ್‌ನಲ್ಲಿ ಹಾಡಿ. ಹಾಡುವಾಗ ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನ್ ಹಾಕಿಕೊಳ್ಳಿ. ಇಲ್ಲದಿದ್ದರೆ ತಬಲಾ ಸದ್ದೂ ಮೈಕಿನೊಳಗೆ ಸೇರುತ್ತದೆ, ಆಮೇಲೆ ಬೇರ್ಪಡಿಸುವುದು ಕಷ್ಟ.